ತಂಗಿಯ ಹಾಳೆಗೆ ಹಾಕಿದ ಸಹಿ

ಟ್ರೇನರ್ ನನ್ನನ್ನು ಕರೆದು, "ಹೊಸದಾಗಿ ಬಂದ ಆ ಇಬ್ಬರಿಗೆ ನೀನು ಇಂಗ್ಲಿಷ್ ಕಲಿಸಬೇಕು" ಎಂದಾಗ ಮೊದಲು ನನಗೆ ನಗು ಬಂತು. ಹುಬ್ಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಇಂಗ್ಲಿಷಿನಲ್ಲೇ ನಪಾಸಾದವಳು ನಾನು. ಆಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಇಂಗ್ಲೆಂಡಿನ ಈ ಶೆಫೀಲ್ಡಿಗೆ ಬಂದ ಮೇಲೆ ಕಲಿತ ಇಂಗ್ಲಿಷಿನಲ್ಲಿ ಸ್ವಲ್ಪ ಬಸ್ಸಿನದು, ಸ್ವಲ್ಪ ಜಿಪಿ ಅನ್ನುವ ಬಡಾವಣೆ ಡಾಕ್ಟರರ ಕೌಂಟರಿನದು, ಉಳಿದದ್ದೆಲ್ಲ ಈ ಲಾಂಡ್ರಿಯದು.

ನಗು ಹೊರಗೆ ಬರುವ ಮೊದಲೇ ಆತ ಇನ್ನೊಂದು ಮಾತು ಹೇಳಿದ. "ನಿನ್ನ ತಂಗಿಗೆ ಆದದ್ದು ಮತ್ತೊಬ್ಬರಿಗೆ ಆಗಬಾರದಲ್ಲ, ಲವ್. ಅದಕ್ಕೇ ನಿನ್ನನ್ನ ಕೇಳ್ತಿರೋದು." ಇಲ್ಲಿಯವರು ಎಲ್ಲ ಹೆಂಗಸರನ್ನೂ ಲವ್ ಅಂತಲೇ ಕರೆಯುತ್ತಾರೆ.

ನಾನು ಆಗಲಿ ಎಂದೆ. ಬೇರೆ ಏನು ಹೇಳಲೂ ನನಗೆ ಮುಖವಿರಲಿಲ್ಲ.

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ಟ್ರಾಮ್ ಇಳಿದು ಹತ್ತು ನಿಮಿಷ ನಡೆದರೆ ಸಿಗುವ ಉದ್ದನೆಯ ಶೆಡ್ಡು, ನಡುವೆ ಒಂದು ಗೋಡೆ. ಗೋಡೆಯ ಆಚೆ ಕೊಳೆ ಬಟ್ಟೆಯ ಕಡೆ. ವಾರ್ಡುಗಳಿಂದ ಬಂದ ಚೀಲಗಳನ್ನು ಅಲ್ಲಿ ಬಿಚ್ಚಿ ವಿಂಗಡಿಸುತ್ತಾರೆ. ಸೋಂಕಿನ ಬಟ್ಟೆಯ ಕೆಂಪು ಚೀಲ ಬಂದರೆ ಬಿಚ್ಚುವ ಹಾಗಿಲ್ಲ, ಇದ್ದ ಹಾಗೇ ಮೆಷಿನ್ನಿಗೆ ಹೋಗಬೇಕು. ಗೋಡೆಯ ಈಚೆ ಒಗೆದ ಬಟ್ಟೆಯ ಕಡೆ. ಅರ್ಧ ಒದ್ದೆಯಿರುವ ಬೆಡ್‌ಶೀಟುಗಳನ್ನು ಇಬ್ಬರು ಎದುರುಬದುರು ನಿಂತು, ಮೂಲೆ ಹಿಡಿದು ಐರನರಿಗೆ ಕೊಡುತ್ತಾರೆ. ಐರನರ್ ಅಂದರೆ ಮನೆಯ ಇಸ್ತ್ರಿಪೆಟ್ಟಿಗೆಯಲ್ಲ. ಬಸ್ಸಿನಷ್ಟು ಉದ್ದದ ಯಂತ್ರ, ಒಳಗೆ ಕಾದ ಉರುಳೆಗಳು. ಈ ಬಾಯಿಂದ ಒದ್ದೆ ಶೀಟು ಹೋದರೆ ಆ ಬಾಯಿಂದ ಒಣಗಿ ಮಡಚಿಕೊಂಡು ಬರುತ್ತದೆ. ಶೀಟು ಒಳಗೆ ಸುತ್ತಿಕೊಂಡರೆ ಮಾಡಬೇಕಾದ್ದು ಇಷ್ಟು: ಕೈ ಹಿಂದಕ್ಕೆ ತೆಗೆಯುವುದು, ತಲೆಯ ಮೇಲಿನ ಹಳದಿ ಹಗ್ಗ ಎಳೆದು ನಿಲ್ಲಿಸುವುದು, ಯಂತ್ರದ ಕೀಲಿ ತೆಗೆದುಕೊಳ್ಳುವುದು, ಸೂಪರ್‌ವೈಸರನ್ನು ಕರೆಯುವುದು. ಎಳೆಯಬಾರದು. ಸಿಕ್ಕಿದ ಶೀಟನ್ನು ಎಂದೂ ಎಳೆಯಬಾರದು.

ನನ್ನ ತಂಗಿ ಎಳೆದಳು. ಹಿಂದಿನ ಚಳಿಗಾಲದಲ್ಲಿ, ಕೆಲಸಕ್ಕೆ ಸೇರಿದ ಮೂರನೆಯ ವಾರ. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ.

ನನ್ನ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊಸಬರಿಗೆಲ್ಲ ಒಬ್ಬ ಹಳೆಯ ಜೊತೆಗಾರ್ತಿಯನ್ನು ಹಚ್ಚುತ್ತಾರೆ. ಯಂತ್ರ ನಿಲ್ಲಿಸುವ ಕ್ರಮವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ್ದೇನೆ ಎಂದು ಜೊತೆಗಾರ್ತಿ ಒಂದು ಹಾಳೆಗೆ ಸಹಿ ಮಾಡಬೇಕು. ಅದರ ಹಿಂದೆಯೇ ಇಪ್ಪತ್ತು ಪ್ರಶ್ನೆ, ಸರಿಯಾದ ಉತ್ತರಕ್ಕೆ ಹೊಸಬರೇ ಗುರುತು ಹಾಕಬೇಕು. ತಂಗಿಯ ಜೊತೆಗಾರ್ತಿ ನಾನೇ. ಗುರುತುಗಳನ್ನೂ ನಾನೇ ಹಾಕಿದೆ. ಊರಲ್ಲಿ ನಮ್ಮ ಓಣಿಯಲ್ಲಿ ರೇಷನ್ ಕಾರ್ಡಿನ ಅರ್ಜಿ, ಬ್ಯಾಂಕಿನ ಚಲನು ಎಲ್ಲ ನಾನೇ ತುಂಬಿಕೊಡುತ್ತಿದ್ದೆ. ಹೆಂಗಸರು ಬಾಗಿಲಲ್ಲಿ ನಿಂತು, "ಸ್ವಲ್ಪ ಬರದು ಕೊಡವ್ವಾ" ಅನ್ನುತ್ತಿದ್ದರು. ಓದು ನಿಂತವಳಿಗೆ ಅದೊಂದೇ ಹೆಮ್ಮೆ. ಅದೇ ಕೈಯಿಂದ ತಂಗಿಯ ಹಾಳೆಯನ್ನೂ ತುಂಬಿದೆ. ಅವತ್ತು ಲಾರಿ ತಡವಾಗಿ ಬಂದು ಕೆಲಸ ರಾಶಿ ಬಿದ್ದಿತ್ತು. "ಮನ್ಯಾಗ ಎಲ್ಲಾ ಬಿಡಿಸಿ ಹೇಳ್ತೀನಿ ತಗೋ" ಎಂದಿದ್ದೆ. ಮನೆಯಲ್ಲಿ ಹೇಳಲಿಲ್ಲ. ಮರುದಿನವೂ ಇಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಅವಳು ನನ್ನ ಎದುರಿಗೇ ಇರುತ್ತಾಳಲ್ಲ, ಏನಾದರೂ ಆದರೆ ನಾನಿದ್ದೇನಲ್ಲ ಅಂದುಕೊಂಡಿದ್ದೆ. ಅವಳ ಕೈ ಸಿಕ್ಕಿಕೊಂಡ ಹೊತ್ತಿಗೆ ನಾನು ಟೀ ಬ್ರೇಕಿಗೆ ಹೋಗಿದ್ದೆ.

ಮ್ಯಾನೇಜರ್ ಆಸ್ಪತ್ರೆಗೇ ಬಂದು ವಿಚಾರಿಸಿದಳು. ಪ್ರಶ್ನೆ ಇಂಗ್ಲಿಷಿನಲ್ಲಿ, ತರ್ಜುಮೆಗೆ ನಾನು. ಜೊತೆಗಾರ್ತಿ ನಿನಗೆ ಎಲ್ಲ ವಿವರಿಸಿದ್ದಳೇ ಎಂದು ಕೇಳಿದಳು. ನಾನು ತಂಗಿಗೆ, "ನಾ ನಿನಗ ಹೇಳಿಕೊಟ್ಟಿದ್ನೇನು ಅಂತ ಕೇಳಾಕತ್ತಾರ" ಎಂದೆ. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಹೂಂ ಅನ್ನಕ್ಕಾ" ಎಂದಳು. ನಾನು ಮ್ಯಾನೇಜರ್ ಕಡೆ ತಿರುಗಿ "ಯೆಸ್" ಎಂದೆ.

ಕೆಲಸಗಾರಳ ಅಜಾಗರೂಕತೆ ಎಂದು ಬರೆದು ಫೈಲು ಮುಚ್ಚಿದರು. ತಂಗಿಯ ಗಂಡನ ಓದು ಮುಗಿದು ಅವನಿಗೆ ಲೀಡ್ಸಿನಲ್ಲಿ ಕೆಲಸ ಸಿಕ್ಕಿತು, ಅವಳೂ ಅಲ್ಲಿಗೆ ಹೋದಳು. ಇತ್ತ ಲಾಂಡ್ರಿಯಲ್ಲಿ ಒಂದು ಹೊಸ ನಿಯಮ ಬಂತು. ಗುರುತು ಹಾಕುವ ಹಾಳೆ ಸಾಲದು. ಹೊಸಬರು ಯಂತ್ರದ ಮುಂದೆ ನಿಂತು ಟ್ರೇನರ್ ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಹೇಳಬೇಕು. ಅಲ್ಲಿಯವರೆಗೆ ಒಣಗಿ ಬಂದ ಶೀಟು ಜೋಡಿಸುವ ಕೆಲಸ ಮಾತ್ರ; ಆರು ವಾರದೊಳಗೆ ಹೇಳದಿದ್ದರೆ ಕೆಲಸಕ್ಕೆ ಕಳಿಸಿದ ಏಜೆನ್ಸಿಗೆ ವಾಪಸು. ಜೊತೆಗಾರ್ತಿಯ ಸಹಿ ಮಾತ್ರ ಹಾಗೇ ಉಳಿಯಿತು.

ನನ್ನ ಪಾಲಿಗೆ ಬಂದ ಇಬ್ಬರೂ ರಷ್ಯನ್ ಮಾತಾಡುವವರು. ಒಬ್ಬಳು ಲಾಟ್ವಿಯಾದವಳು, ಮೂವತ್ತರ ಆಸುಪಾಸು, ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದವಳು. ಇನ್ನೊಬ್ಬರು ಉಕ್ರೇನಿನ ಪೂರ್ವದ ಕಡೆಯವರು, ಐವತ್ತೈದು ದಾಟಿದವರು, ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಅವರನ್ನು ಮನಸ್ಸಿನಲ್ಲೇ ಟೀಚರಮ್ಮ ಎಂದು ಕರೆಯುತ್ತಿದ್ದೆ. ಗಂಡ ಹಾಸಿಗೆ ಹಿಡಿದಿದ್ದ. ಅವರ ಮನೆ ನಡೆಯುವುದು ಟೀಚರಮ್ಮನ ಈ ಒಂದು ಕೆಲಸದಿಂದ. ಮೊದಲ ದಿನವೇ ಅವರು ನನಗೆ ಹೇಳಿದ ಇಂಗ್ಲಿಷ್ ಇಷ್ಟು: "ಐ ನೀಡ್ ದಿಸ್ ವರ್ಕ್. ನೀಡ್, ನಾಟ್ ವಾಂಟ್."

ಮಂಗಳವಾರ, ಗುರುವಾರ ಮಧ್ಯಾಹ್ನದ ಪಾಳಿಗೆ ಮುಂಚೆ ಅರ್ಧ ಗಂಟೆ ಪಾಠ. ಕ್ಯಾಂಟೀನಿನ ಮೂಲೆಯ ಮೇಜು. ನೂರು ಪುಟದ ನೋಟ್‌ಬುಕ್ಕು ತಂದು, ನನಗೆ ಗೊತ್ತಿದ್ದ ಏಕೈಕ ರೀತಿಯಲ್ಲಿ ಶುರುಮಾಡಿದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅವರು ತಮ್ಮ ಭಾಷೆಯಲ್ಲಿ ಬರೆದುಕೊಳ್ಳಲು ಜಾಗ. ಶೀಟ್, ಪಿಲ್ಲೋಕೇಸ್, ಬಟನ್, ಕೀ, ಗ್ಲೌವ್ಸ್, ವೆಟ್, ಡ್ರೈ, ಹಾಟ್, ಸ್ಟಕ್.

ಎರಡನೇ ವಾರಕ್ಕೆ ಅವರು ಮಾಡುವ ತಪ್ಪುಗಳಿಗೆಂದೇ ಒಂದು ಪುಟ ತೆಗೆದಿಟ್ಟೆ. ಇಂಗ್ಲಿಷ್ ಪದಗಳ ಮುಂದೆ ಬರುವ 'ಅ' ಮತ್ತು 'ದ' ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ. "ಪ್ರೆಸ್ ಬಟನ್," ಎನ್ನುತ್ತಿದ್ದರು. ಐರನರಿಗೆ ಮೂರು ಬಟನ್ನು, ಯಾವುದು? 'ಈಸ್' ನುಂಗುತ್ತಿದ್ದರು: "ಮೆಷಿನ್ ಹಾಟ್." ಯಂತ್ರಕ್ಕೆ 'ಇಟ್' ಅನ್ನದೆ 'ಶೀ' ಅನ್ನುತ್ತಿದ್ದರು. ಪಾರ್ಲರಿನಾಕೆ ಐರನರಿಗೆ ಕೈ ತೋರಿಸಿ, "ಶೀ ಆ್ಯಂಗ್ರಿ ಟುಡೇ," ಅಂದರೆ ಅದನ್ನು ತಿದ್ದಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಮೈ ಸರಿಯಿಲ್ಲದಿದ್ದರೆ, "ಐ ಫೀಲ್ ಮೈಸೆಲ್ಫ್ ಬ್ಯಾಡ್." ಅಂಗಡಿಗೆ ಹೋಗುತ್ತೇನೆ ಅನ್ನಲು, "ಐ ಗೋ ಟು ಮ್ಯಾಗಜೀನ್." ಅಂಗಡಿಗೆ ಅವರಲ್ಲಿ ಮಗಜೀನ್, ಕಾರ್ಖಾನೆಗೆ ಫಾಬ್ರಿಕಾ ಅನ್ನುತ್ತಾರಂತೆ. ಹಾಗಾಗಿ ಟೀಚರಮ್ಮ ಬಸ್ಸಿನಲ್ಲಿ ಯಾರೋ ಕೇಳಿದಾಗ, "ಐ ವರ್ಕ್ ಇನ್ ಫ್ಯಾಬ್ರಿಕ್," ಎಂದಿದ್ದರು. ದಿನಕ್ಕೆ ಸಾವಿರ ಶೀಟು ಮುಟ್ಟುವವರು, ಅದೂ ನಿಜವೇ.

ಅವರ ಅರ್ಧ ತಪ್ಪುಗಳು ನನಗೆ ಹೊಸವಲ್ಲ. ಕನ್ನಡದಲ್ಲೂ 'ಅವ ಡಾಕ್ಟರ್' ಅಂದರೆ ಸಾಕು, 'ಈಸ್' ಬೇಕಾಗಿಲ್ಲ. ನನ್ನನ್ನು ಎರಡು ಸಲ ಕೆಡವಿದ್ದು ಇದೇ ಅ, ದ, ಈಸ್. ಒಮ್ಮೆ 'ದ' ಬಗ್ಗೆ ನಾನು ಬಹಳ ಹೊತ್ತು ಕೊರೆದೆ. ಟೀಚರಮ್ಮ ಪೆನ್ನು ಕೆಳಗಿಟ್ಟು, "ಯುವರ್ ಟ್ರೇನರ್ ಆಲ್ಸೋ ನಾಟ್ ಸೇ," ಎಂದರು.

"ವಾಟ್ ನಾಟ್ ಸೇ?"

"'ದ' ನಾಟ್ ಸೇ. ಹೀ ಈಟ್ 'ದ'. ಲಿಸನ್ ಹಿಮ್!"

ನಿಜವೇ. ನಮ್ಮ ಟ್ರೇನರ್ ಇಲ್ಲೇ ಹುಟ್ಟಿ ಬೆಳೆದ ಯಾರ್ಕ್‌ಶೈರಿನವನು. ಅವನ ಬಾಯಲ್ಲಿ 'ದ' ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೂವರೂ ನಕ್ಕೆವು. ಆ ಆರು ವಾರದಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಮೂರನೇ ವಾರ ಮೈಯ ಅಂಗಗಳ ಪಾಠ. ಸುರಕ್ಷತೆಯ ಪ್ರಶ್ನೆಗಳಲ್ಲಿ ಅವು ಬರುತ್ತವೆ. ಹ್ಯಾಂಡ್, ಆರ್ಮ್ ಎಂದು ಎರಡು ಪದ ಬರೆದೆ. ಟೀಚರಮ್ಮ ತಮ್ಮ ಭುಜದಿಂದ ಬೆರಳ ತುದಿಯವರೆಗೆ ಒಂದೇ ಎಳೆತಕ್ಕೆ ತೋರಿಸಿ, "ರುಕಾ," ಎಂದರು. ನಾನೂ ನನ್ನ ತೋಳನ್ನು ಹಾಗೇ ತೋರಿಸಿ, "ಕೈ," ಎಂದೆ. ಕಾಲಿಗೂ ಅವರಲ್ಲಿ ಸೊಂಟದಿಂದ ಪಾದದವರೆಗೆ ಒಂದೇ ಪದ, ನಮ್ಮಲ್ಲೂ ಒಂದೇ. ಕೈಬೆರಳಿಗೂ ಕಾಲ್ಬೆರಳಿಗೂ ಅವರಲ್ಲಿ ಒಂದೇ, ನಮ್ಮಲ್ಲೂ ಬೆರಳೇ. ಟೀಚರಮ್ಮ ನನ್ನ ಪೆನ್ನು ಕಿತ್ತುಕೊಂಡು ಮಣಿಕಟ್ಟಿನ ಸುತ್ತ ಒಂದು ಗೆರೆ ಎಳೆದುಕೊಂಡರು. ಗೆರೆಯ ಕೆಳಗೆ ಹ್ಯಾಂಡ್, ಮೇಲೆ ಆರ್ಮ್. ಗಣಿತದವರ ರೀತಿ ಅದು. ನನ್ನ ಕೈಗೂ ಎಳೆದರು. "ಫಿಂಗರ್," ಎಂದು ನನ್ನ ತೋರುಬೆರಳನ್ನೂ ನಡುಬೆರಳನ್ನೂ ಹಿಡಿದು ಮಡಚಿದರು. ನಾನು ಕೈ ಎಳೆದುಕೊಂಡೆ. ಅವರು ಕ್ಷಮೆ ಕೇಳಿದರು. ಯಾಕೆಂದು ನಾನು ಹೇಳಲಿಲ್ಲ.

ನಾಲ್ಕನೇ ವಾರದ ಹೊತ್ತಿಗೆ ಪಟ್ಟಿಯ ಪದಗಳೆಲ್ಲ ಟೀಚರಮ್ಮನಿಗೆ ಬಾಯಿಪಾಠ. ಮೇಲಿಂದ ಕೆಳಗೆ ಕೇಳಲಿ, ಕೆಳಗಿಂದ ಮೇಲೆ ಕೇಳಲಿ, ತಪ್ಪುತ್ತಿರಲಿಲ್ಲ. ನನಗೆ ಹೆಮ್ಮೆಯಾಯಿತು. ಟ್ರೇನರನ್ನು ಕರೆದು ಐರನರಿನ ಮುಂದೆ ಒಂದು ಪೂರ್ವಪರೀಕ್ಷೆ ಮಾಡಿಸಿದೆ. ಪಾರ್ಲರಿನಾಕೆ ತಡವರಿಸಿದರೂ ಕೈ ಬಾಯಿ ಎರಡನ್ನೂ ಸೇರಿಸಿ ಹೇಳಿದಳು. ಟೀಚರಮ್ಮನ ಸರದಿ. ಯಂತ್ರದ ಸದ್ದಿನಲ್ಲಿ ಟ್ರೇನರ್ ತನ್ನ ಮಾಮೂಲಿ ವೇಗದಲ್ಲಿ ಕೇಳಿದ. ಟೀಚರಮ್ಮ ನೆಟ್ಟಗೆ ನಿಂತು, "ಸ್ಟಾಪ್, ಕೀ, ಕಾಲ್, ಸ್ಟಕ್, ರೋಲರ್," ಎಂದು ಪಟ್ಟಿ ಒಪ್ಪಿಸಿದರು. ಏನು ಕೇಳಿದನೆಂದೇ ಅವರಿಗೆ ತಿಳಿದಿರಲಿಲ್ಲ.

"ಪಾಪ, ಪ್ರಯತ್ನ ಮಾಡಿದಳು," ಎಂದು ಟ್ರೇನರ್ ಹೊರಟುಹೋದ.

ತಪ್ಪು ಅವರದಲ್ಲ ಎಂದು ನನಗೆ ಗೊತ್ತಾಯಿತು. ಪದಗಳನ್ನು ಯಂತ್ರದಿಂದ ಬಿಡಿಸಿ ಮೇಜಿನ ಮೇಲಿಟ್ಟು ಕಲಿಸಿದವಳು ನಾನು. ನೋಟ್‌ಬುಕ್ಕು ಮುಚ್ಚಿದೆ. ಪಾಳಿ ಬದಲಾಗುವಾಗ ಐರನರ್ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಆ ಹೊತ್ತನ್ನು ಕೇಳಿ ಪಡೆದೆ. ಅಂಟುಪಟ್ಟಿಯ ಮೇಲೆ ಪದ ಬರೆದು ಆಯಾ ಭಾಗಕ್ಕೇ ಅಂಟಿಸಿದೆ. ಹಗ್ಗಕ್ಕೆ, ಕೀಲಿಗೆ, ಉರುಳೆಯ ಮುಂದೆ ಕೈ ತಡೆಯುವ ಕಾವಲು ಪಟ್ಟಿಗೆ. ನಾನು ಶೀಟಾಗುತ್ತಿದ್ದೆ, ಸಿಕ್ಕಿಕೊಳ್ಳುತ್ತಿದ್ದೆ. ಅವರು ಹಗ್ಗ ಎಳೆಯಬೇಕು, ಎಳೆಯುತ್ತಾ ಹೇಳಬೇಕು. ಪಾರ್ಲರಿನಾಕೆ ಎರಡೇ ದಿನದಲ್ಲಿ ಹಿಡಿದಳು. ಟೀಚರಮ್ಮನೂ ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ ಅಂದುಕೊಂಡೆ. ಏನು ಕೇಳಿದರೂ ತಲೆಯಾಡಿಸಿ, "ಯೆಸ್, ಯೆಸ್, ಅಂಡರ್‌ಸ್ಟ್ಯಾಂಡ್," ಎನ್ನುತ್ತಿದ್ದರು.

ಐದನೇ ವಾರದ ಗುರುವಾರ ನನಗೇನು ತೋಚಿತೋ, ಎಂದಿನ ಪ್ರಶ್ನೆಯನ್ನೇ ತಿರುಗಿಸಿ ಕೇಳಿದೆ. "ಶೀಟ್ ಸ್ಟಕ್. ಯು ಪುಟ್ ಯುವರ್ ಹ್ಯಾಂಡ್ ಇನ್‌ಸೈಡ್?"

"ಯೆಸ್, ಯೆಸ್," ಎಂದರು ಟೀಚರಮ್ಮ, ಮುಗುಳ್ನಗುತ್ತಾ.

ಮತ್ತೊಮ್ಮೆ ಕೇಳಿದೆ, ನಿಧಾನವಾಗಿ. ಮತ್ತೆ ಯೆಸ್. ನನ್ನನ್ನು ಮೆಚ್ಚಿಸುವ ಯೆಸ್. ಆ ಯೆಸ್ ನನಗೆ ಗೊತ್ತಿತ್ತು. ಮೂರು ವಾರ ನನ್ನ ಎದುರಿಗೆ ನಿಂತು ಶೀಟಿನ ಇನ್ನೊಂದು ಮೂಲೆ ಹಿಡಿದ ತಂಗಿ, ಸೂಪರ್‌ವೈಸರ್ ಏನು ಹೇಳಿದರೂ ಹಾಗೇ ತಲೆಯಾಡಿಸಿ, ಆಮೇಲೆ "ಏನಂದ್ರಕ್ಕಾ?" ಎಂದು ನನ್ನನ್ನು ಕೇಳುತ್ತಿದ್ದಳು.

ಮರುವಾರ ಸೋಮವಾರ ಮ್ಯಾನೇಜರ್ ನನ್ನನ್ನು ಮೇಲೆ ಕರೆದಳು. ಮೇಜಿನ ಮೇಲೆ ಎರಡು ಹಾಳೆ. ಟ್ರೇನರ್ ಕಾಯಿಲೆ ಬಿದ್ದಿದ್ದಾನೆ, ಎರಡು ವಾರ ಬರುವುದಿಲ್ಲ. ಕ್ರಿಸ್‌ಮಸ್ಸಿನ ಪಾಳಿಪಟ್ಟಿಯಲ್ಲಿ ಐರನರಿಗೆ ಜನ ಸಾಲದು. ಸದ್ಯಕ್ಕೆ ನಿನ್ನ ಸಹಿ ಇದ್ದರೆ ಇಬ್ಬರನ್ನೂ ಯಂತ್ರಕ್ಕೆ ಹಾಕುತ್ತೇನೆ, ಬಾಯಿಪರೀಕ್ಷೆ ಹೊಸ ವರ್ಷಕ್ಕೆ ಇಟ್ಟುಕೊಳ್ಳೋಣ ಎಂದಳು.

ಪಾರ್ಲರಿನಾಕೆಯ ಹಾಳೆಗೆ ಸಹಿ ಮಾಡಿದೆ. ಎರಡನೆಯದನ್ನು ಹಿಂದಕ್ಕೆ ಸರಿಸಿದೆ.

"ಇದಕ್ಕೇನಾಯ್ತು?"

"ಅವರಿಗೆ ಇನ್ನೂ ಗೊತ್ತಿಲ್ಲ."

"ಆರು ವಾರ ಈ ಶುಕ್ರವಾರಕ್ಕೆ ಮುಗಿಯುತ್ತೆ. ಸಹಿ ಇಲ್ಲದೆ ಇಟ್ಟುಕೊಳ್ಳೋಕೆ ನನಗಾಗಲ್ಲ. ಒಂದು ಸಹಿ, ಅಷ್ಟೇ. ಕೆಲಸ ಮಾಡ್ತಾ ಕಲೀತಾಳೆ."

ಹಾಗೆಯೇ ನಾನೂ ಒಮ್ಮೆ ಅಂದುಕೊಂಡಿದ್ದೆ. ಪೆನ್ನನ್ನು ಅವಳ ಮೇಜಿನ ಮೇಲಿಟ್ಟು ಕೆಳಗೆ ಬಂದೆ.

ಟೀಚರಮ್ಮನಿಗೆ ವಿಷಯ ಮುಟ್ಟಲು ಒಂದು ಗಂಟೆಯೂ ಆಗಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಲಾಕರಿನ ಮುಂದೆ ನಿಂತಿದ್ದರು. "ವೈ?" ಎಂದರು. "ಯು ಆರ್ ಗುಡ್ ವುಮನ್. ವೈ?"

ಆಗ ನಾನು ಹೇಳಿದೆ. ನಿಂತೇ ಹೇಳಿದೆ. ನನಗೊಬ್ಬಳು ತಂಗಿ, ಅವಳ ಹಾಳೆ ನಾನು ಬರೆದೆ, ಏನೂ ಹೇಳಿಕೊಡದೆ ಸಹಿ ಮಾಡಿದೆ, ಅವಳ ಬೆರಳು ಹೋಯಿತು, ಸುಳ್ಳು ಹೇಳಿದೆ. ವರ್ಷದಿಂದ ಗಂಡನಿಗೂ ಹೇಳದ್ದನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಐದು ವಾಕ್ಯದಲ್ಲಿ ಹೇಳಿಬಿಟ್ಟೆ. ಕನ್ನಡದಲ್ಲಾದರೆ ಆಗುತ್ತಿರಲಿಲ್ಲ. ಕನ್ನಡದಲ್ಲಿ ಪ್ರತಿ ಪದಕ್ಕೂ ಅವ್ವನ ದನಿ ಇರುತ್ತದೆ.

ಅವರು ಅಪ್ಪಿಕೊಳ್ಳುತ್ತಾರೆ ಎಂದೇನಾದರೂ ನಿರೀಕ್ಷಿಸಿದ್ದೆನೋ ಏನೋ. ಟೀಚರಮ್ಮ ಪದ ಹುಡುಕುತ್ತಾ ಮಣಿಕಟ್ಟಿನ ಮೇಲೆ ಹಿಂದೆ ಗೆರೆ ಎಳೆದಿದ್ದ ಜಾಗವನ್ನು ಬೆರಳಿಂದ ಮುಟ್ಟಿಕೊಂಡರು.

"ಯು ಡೂ ಬ್ಯಾಡ್ ಟು ಸಿಸ್ಟರ್," ಎಂದರು. "ಬಟ್ ಹೂ ಲೂಸ್ ವರ್ಕ್? ಮೀ. ಯು? ಯು ವರ್ಕ್."

ನಾನು ಲಾಕರ್ ತೆರೆಯಲು ಹೋದೆ, ಅವರು ಸರಿಯಲಿಲ್ಲ.

"ಟೆಲ್ ಬಾಸ್," ಎಂದರು. "ಆರ್ ಸೈನ್ ಮೈ ಪೇಪರ್. ಬಟ್ ನಾಟ್ ಓನ್ಲಿ ಮೀ."

ಅಂದರೆ, ನಿನ್ನ ಪಾಪಕ್ಕೆ ನಾನೊಬ್ಬಳೇ ತೆರಬೇಕೇನು ಎಂದು. ಇಪ್ಪತ್ತೆಂಟು ವರ್ಷ ಲೆಕ್ಕ ತಿದ್ದಿದವರು. ನಾನು ಲೆಕ್ಕವನ್ನು ಒಂದೇ ಬದಿಯಲ್ಲಿ, ಅವರ ಬದಿಯಲ್ಲಿ ಮಾತ್ರ ತಿದ್ದಿದ್ದೆ.

ಬುಧವಾರ ಕೆಲಸ ಶುರುವಾಗುವ ಮೊದಲು ಮ್ಯಾನೇಜರ್ ಕೋಣೆಗೆ ಹೋಗಿ ಹೇಳಿದೆ. ಅವಳು ಮೊದಲು ಕೇಳಿಸಿಕೊಂಡಳು, ನಡುವೆ ತಡೆದು ಬಾಗಿಲು ಹಾಕಿದಳು, ಆಮೇಲೆ ಬರೆದುಕೊಳ್ಳತೊಡಗಿದಳು. ಆಸ್ಪತ್ರೆಯಲ್ಲಿ ತಂಗಿ ಏನೆಂದಳು ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ, "ನೀನು ಹೇಳ್ತಿರೋದು ಏನು ಅಂತ ನಿನಗೆ ಗೊತ್ತಿದೆಯಾ?" ಎಂದು ಕೇಳಿದಳು. ಗೊತ್ತಿದೆ ಎಂದೆ.

ಅವತ್ತಿನಿಂದಲೇ ನನ್ನನ್ನು ಐರನರಿನಿಂದ ತೆಗೆದರು. ಫೈಲು ಮತ್ತೆ ತೆರೆದು, ಕಂಪನಿಯ ಮುಖ್ಯ ಕಚೇರಿಯವರು ಬಂದು ವಿಚಾರಿಸುವವರೆಗೆ ನಾನು ಗೋಡೆಯ ಆಚೆ, ಕೊಳೆ ಬಟ್ಟೆಯ ಕಡೆ. ಅಲ್ಲಿಗೆ ಐರನರಿನ ಪರೀಕ್ಷೆ ಬೇಕಿಲ್ಲ. ಅಲ್ಲೂ ಜನ ಬೇಕಾಗಿದ್ದರಿಂದ ಟೀಚರಮ್ಮನನ್ನೂ ಕೆಲಸದಿಂದ ತೆಗೆಯುವ ಬದಲು ಅಲ್ಲಿಗೇ ಹಾಕಿದರು. ಸಂಬಳದ ದರ್ಜೆ ಕಡಿಮೆ, ವಾಸನೆ ತಲೆಗೆ ಹತ್ತುತ್ತದೆ. ಮುಖಕ್ಕೆ ಮಾಸ್ಕು, ಕೈಗೆ ಎರಡು ಜೊತೆ ಗ್ಲೌವ್ಸು, ಒಂದೇ ಬೆಲ್ಟಿನ ಎರಡು ಕಡೆ ನಾವಿಬ್ಬರು. ಮೊದಲ ಮೂರು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಕೆಂಪು ಚೀಲವೊಂದು ಬಂದಾಗ ನನ್ನ ಕಡೆ ನೋಡಿ, "ದ ರೆಡ್ ಬ್ಯಾಗ್. ಡೋಂಟ್ ಓಪನ್," ಎಂದರು. 'ದ' ಸರಿಯಾಗಿ ಹಾಕಿದ್ದರು. ನನ್ನನ್ನು ಕ್ಷಮಿಸಿದರು ಎಂದು ನಾನೇನೂ ಅಂದುಕೊಳ್ಳಲಿಲ್ಲ. ಪಾಠ ಕಲಿತವರು ಪಾಠ ಹೇಳಿದರು, ಅಷ್ಟೆ.

ಭಾನುವಾರ ಲೀಡ್ಸಿಗೆ ಹೋದೆ. ತಂಗಿ ಕಿಟಕಿಯ ಹತ್ತಿರ ಕೂತಿದ್ದಳು, ತೊಡೆಯ ಮೇಲೆ ಕಸೂತಿಯ ಬಟ್ಟೆ. ಊರಲ್ಲಿ ಅವಳ ಕಸೂತಿಗೆ ಧಾರವಾಡದಿಂದ ಜನ ಬರುತ್ತಿದ್ದರು. ಹಿಂದೆ ಮುಂದೆ ಒಂದೇ ಸಮ, ಎಲ್ಲೂ ಗಂಟಿಲ್ಲ. ಈಗ ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಕಲಿಯುತ್ತಿದ್ದಳು. ಬಟ್ಟೆಯ ಮೇಲೆ ಗೋಪುರವೊಂದು ಅರ್ಧಕ್ಕೆ ವಾಲಿಕೊಂಡಿತ್ತು. ನನ್ನನ್ನು ಕಂಡು ಬಟ್ಟೆ ಮಡಚಿಟ್ಟಳು.

"ಬಾ ಅಕ್ಕಾ. ಏನ್ ಇದ್ದಕ್ಕಿದ್ದಂಗ? ಚಾ ಇಡ್ಲೇನು?"

"ಬ್ಯಾಡ. ಕೂಡು, ಒಂದು ಮಾತೈತಿ."

ಹೇಳಿದೆ. ಮ್ಯಾನೇಜರಿಗೆ ಎಲ್ಲ ಹೇಳಿದ್ದೇನೆ, ಹಾಳೆ ನಾನೇ ತುಂಬಿದ್ದು, ನಿನಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ನೀನು ನನ್ನನ್ನು ಉಳಿಸಲು ಹೂಂ ಅಂದೆ ಎಂದು. ಇನ್ನು ಮೇಲೆ ತಪ್ಪು ನಿನ್ನದು ಅಂತ ಯಾರೂ ಅನ್ನುವುದಿಲ್ಲ. ಹೇಳುವಾಗ ನನ್ನ ಎದೆ ಹಗುರಾಗುತ್ತಿತ್ತು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಬರಹವೂ ಇನ್ನೊಂದು ಸುಳ್ಳು ಹಾಳೆಯಾಗುತ್ತದೆ.

ಅವಳ ಮುಖದಲ್ಲಿ ಹಗುರವೇನೂ ಕಾಣಲಿಲ್ಲ.

"ನಾ ಸುಳ್ಳು ಹೇಳೀನಿ ಅಂತನೂ ಹೇಳಿ ಬಂದ್ಯಾ?"

"ನಿನ್ನ ಮ್ಯಾಲೆ ಬರಬಾರದು ಅಂತ..."

"ನನ್ನ ಒಂದು ಮಾತು ಕೇಳಿದ್ಯೇನಕ್ಕಾ? ಫೋನ್ ಐತಲ್ಲ ನನ್ನ ಕಡೆ? ಹೇಳೂದಕ್ಕ ಮೊದಲ ಒಂದು ಫೋನ್?"

"ಹೆದರಿದ್ದೆ. ನೀ ಬ್ಯಾಡ ಅಂದ್ರ..."

"ಬ್ಯಾಡ ಅಂದ್ರ ಬ್ಯಾಡ! ಬೆರಳು ನಂದು." ಅವಳು ಎದ್ದು ನಿಂತಳು. "ಸಣ್ಣಾಕಿ ಇದ್ದಾಗ ಅವ್ವ ಕೇಳಿದ್ರ ನೀನ ಉತ್ರ ಹೇಳ್ತಿದ್ದಿ. ಸಾಲಿಗೆ ಹೋದ್ರ ನೀನ ಹೇಳ್ತಿದ್ದಿ. ಇಲ್ಲಿ ಬಂದ್ರ ಜಿಪಿ ಹಂತ್ಯಾಕ ನೀನ. ಹಾಳಿ ತುಂಬಿದ್ಯಾ ನೀನ, ದವಾಖಾನಿಯೊಳಗ ಯೆಸ್ ಅಂದ್ಯಾ ನೀನ. ಈಗ ಮತ್ತ ನನ್ನ ಬದ್ಲಿ ನೀನ ಮಾತಾಡಿ ಬಂದಿ. ನಿನ್ನ ಎದಿ ಹಗರ ಆತಿಲ್ಲ? ಹೋಗು."

ಟ್ರೈನಿನಲ್ಲಿ ವಾಪಸು ಬರುವಾಗ ನಾನು ಅಳಲಿಲ್ಲ. ಅವಳು ಹೇಳಿದ್ದರಲ್ಲಿ ತಿದ್ದುವುದಕ್ಕೆ ಒಂದು ಪದವೂ ಸಿಗಲಿಲ್ಲ. ತಪ್ಪೊಪ್ಪಿಕೊಂಡೆ ಅಂದುಕೊಂಡು ಅದೇ ತಪ್ಪನ್ನು ಇನ್ನೊಮ್ಮೆ ಮಾಡಿದ್ದೆ.

ಹತ್ತು ದಿನದ ನಂತರ ವಿಚಾರಣೆ. ಮುಖ್ಯ ಕಚೇರಿಯಿಂದ ಇಬ್ಬರು ಬಂದಿದ್ದರು. ತಂಗಿ ಒಬ್ಬಳೇ ಲೀಡ್ಸಿನಿಂದ ಬಂದಳು. ಮೆಟ್ಟಿಲ ಬಳಿ ನನ್ನನ್ನು ನೋಡಿದಳು, ನಿಲ್ಲಲಿಲ್ಲ. ಫೋನಿನಲ್ಲಿ ಕನ್ನಡ ದುಭಾಷಿಯನ್ನು ಕೊಡಿಸುತ್ತೇವೆ ಎಂದು ಮ್ಯಾನೇಜರ್ ಹೇಳಿದ್ದು ನನಗೂ ಕೇಳಿಸಿತು. ತಂಗಿ, "ನೋ. ಐ ಸ್ಪೀಕ್," ಎಂದಳು. ಬಾಗಿಲು ಮುಚ್ಚಿತು.

ಆ ಬಾಗಿಲಿನ ಮೇಲರ್ಧ ಗಾಜು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ನನ್ನ ಸರದಿ ಆಮೇಲೆ. ಬ್ರೇಕಿನ ಗಂಟೆಯಾಗಿ ಟೀಚರಮ್ಮ ಮೇಲೆ ಬಂದರು. ಎರಡು ಕಪ್ ಟೀ ತಂದಿದ್ದರು. ಒಂದನ್ನು ನನ್ನ ಪಕ್ಕ ಇಟ್ಟು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

ಗಾಜಿನ ಆಚೆ ತಂಗಿಯ ದನಿ ಸಣ್ಣಗೆ ಕೇಳುತ್ತಿತ್ತು. ಹೇಳುತ್ತಿದ್ದಳು, ನಿಲ್ಲುತ್ತಿದ್ದಳು. ಒಂದು ಕಡೆ ಬಹಳ ಹೊತ್ತು ನಿಂತಳು. ಪದ ಸಿಗುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಯಾವ ಪದವೆಂದೂ ಗೊತ್ತಾಯಿತು. ನಾನು ಏಳಹೋದೆ. ಟೀಚರಮ್ಮ ತಲೆಯೆತ್ತದೆ ನನ್ನ ತೋಳು ಹಿಡಿದರು, ಮಣಿಕಟ್ಟಿನ ಗೆರೆಗಿಂತ ಸ್ವಲ್ಪ ಮೇಲೆ.

"ಸಿಟ್," ಎಂದರು.

ಒಳಗೆ ತಂಗಿ ಬಲಗೈ ಎತ್ತಿ ತೋರಿಸಿದಳು. ಮೂರು ಬೆರಳು ಮಡಚಿದವು, ಎರಡು ನೆಟ್ಟಗೇ ನಿಂತವು. ಆಮೇಲೆ ಅವಳ ದನಿ ಮೊದಲಿಗಿಂತ ಜೋರಾಗಿ ಬಂತು. "ಐ ನಾಟ್ ನೋ ಮೆಷಿನ್. ನೋಬಡಿ ಟೆಲ್ ಮೀ."

ನನ್ನ ನೋಟ್‌ಬುಕ್ಕಿನ ತಪ್ಪುಗಳ ಪುಟಕ್ಕೆ ಹೋಗಬೇಕಾದ ಮೂರು ತಪ್ಪು ಆ ಎರಡು ವಾಕ್ಯದೊಳಗೇ ಇದ್ದವು. ಎದುರು ಕೂತವನು ತಲೆ ತಗ್ಗಿಸಿ ಬರೆದುಕೊಂಡ. ನಾನು ಕೂತೇ ಇದ್ದೆ.